ಬಿಸಿಲಿಗಿಟ್ಟ ಸೆಲ್ಲುಗಳು

ನಾಳೆಯ ಕೆಲಸವನ್ನು ಇವತ್ತೇ ಮಾಡಿಡದಿದ್ದರೆ ತಾರಾದೇವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳ್ಳುಳ್ಳಿ ಸುಲಿದು ಡಬ್ಬಿಗೆ ಹಾಕಬೇಕು, ಬೇಳೆ ನೆನೆಸಬೇಕು, ಮಗಳ ಬಟ್ಟೆ ಮಡಚಿಡಬೇಕು. ಕಾಶಿಯ ಮಠದಲ್ಲಿ ಗುಮಾಸ್ತನಾಗಿದ್ದ ದಾನಯ್ಯನ ಕೈಹಿಡಿದು ಧಾರವಾಡ ಬಿಟ್ಟು ಬಂದಮೇಲೆ, ಇಕ್ಕಟ್ಟಾದ ಗಲ್ಲಿಯ ಆ ಮನೆ ಅವಳ ಇಂಥ ಮುಂಗಡ ಕೆಲಸಗಳ ಮೇಲೆಯೇ ನಡೆಯುತ್ತಿತ್ತು. ಅವಳ ಬಿ.ಎಡ್. ಪ್ರಮಾಣಪತ್ರ ಮಾತ್ರ ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗೆ ಮಲಗಿತ್ತು.

ಎರಡು ಸಾವಿರದ ಮೂರರ ಏಪ್ರಿಲ್‌ನಲ್ಲಿ ಅದು ಹೊರಗೆ ಬಂತು. ಭೇಲೂಪುರದ ಹತ್ತಿರದ ಒಂದು ಮಕ್ಕಳ ಶಾಲೆಯವರು ಬೆಳಗಿನ ಪಾಳಿಗೆ ಕರೆದರು. ಬೇಸಿಗೆ ರಜೆಯವರೆಗೆ ನೋಡುತ್ತೇವೆ, ಒಂದು ದಿನವೂ ತಪ್ಪಿಸದೆ ಬಂದರೆ ಕಾಯಂ ಎಂದರು. ದಾನಯ್ಯನೂ ಒಂದು ಷರತ್ತು ಹಾಕಿದ.

"ಅವ್ವಗ ಕಿವಿ ಕೇಳೂತನಕಾ ಹೋಗು. ಮ್ಯಾಲೆ ಮಂಗ್ಯಾ, ಕೆಳಗ ಮೆಟ್ಟಲಾ, ನಡುವ ಕೂಸು. ಏನರ ಆತಂದ್ರ ಯಾರು ಜವಾಬ್ದಾರಿ?"

ಅವನ ಅವ್ವ ಕಾಶಮ್ಮನಿಗೆ ಕಿವಿಯ ಮಷೀನು ಇಲ್ಲದಿದ್ದರೆ ಡೊಳ್ಳು ಬಡಿದರೂ ಕೇಳದು. ಮಷೀನಿಗೆ ಗುಂಡಿಯಂಥ ಒಂದು ಸೆಲ್ಲು ಬೇಕು. ಹೀಗೆ ತಾರಾದೇವಿಯ ನೌಕರಿ ಅವರೆಕಾಳಿನಷ್ಟು ದಪ್ಪದ ಒಂದು ಸೆಲ್ಲಿನ ಮೇಲೆ ನಿಂತಿತು.

ಆ ಮನೆಯಲ್ಲಿ ಯಾವುದಕ್ಕೆ ಯಾವ ಸೆಲ್ಲು ಎಂಬ ಲೆಕ್ಕವೂ ಅವಳದೇ. ಟಾರ್ಚಿಗೆ ದೊಡ್ಡದು, ಗೋಡೆ ಗಡಿಯಾರಕ್ಕೆ ಪೆನ್ಸಿಲ್ ಸೆಲ್ಲು, ರಿಮೋಟಿಗೆ ಅದಕ್ಕಿಂತ ಸಪೂರದ್ದು. ತೀರಿಹೋದ ಮಾವನವರ ರೇಡಿಯೊಗೆ ಬೇಕಾದ ನಡುಗಾತ್ರದ ಸೆಲ್ಲು ಅಂಗಡಿಗಳಿಂದ ಮೆಲ್ಲಗೆ ಮಾಯವಾಗಿ, ರೇಡಿಯೊ ಗೋಡೆಯ ಗೂಡಿನಲ್ಲಿ ಮೂಕವಾಗಿ ಕೂತಿತ್ತು. ಹೊಸ ಯಂತ್ರಗಳು ಸಣ್ಣವಾಗುತ್ತ ಹೋದವು, ಸೆಲ್ಲುಗಳೂ ಅವುಗಳ ಹಿಂದೆಯೇ ಸಣ್ಣವಾದವು. ಹಳೆಯದನ್ನು ಜೋಪಾನ ಮಾಡಿಕೊಂಡವರ ಪಾಡು ಕೇಳುವವರಿಲ್ಲ. ದುರ್ಬಲವಾದ ಸೆಲ್ಲನ್ನು ಮಾಳಿಗೆಯ ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಿಕೊಳ್ಳುವುದನ್ನು ತಾರಾದೇವಿ ತವರಿನಲ್ಲೇ ಕಲಿತಿದ್ದಳು.

ಕಾಶಮ್ಮನ ಹಳೆಯ ಸೆಲ್ಲುಗಳ ದಾಸ್ತಾನು ಮುಗಿದಾಗ ನಾದಿನಿ ಹುಬ್ಬಳ್ಳಿಯಿಂದ ಹೊಸ ಪೊಟ್ಟಣ ಕಳಿಸಿದಳು. ಅಳತೆ ಅದೇ, ಆದರೆ ಒಂದೊಂದರ ಬೆನ್ನಿಗೂ ಬಣ್ಣದ ಚೀಟಿ ಅಂಟಿತ್ತು. ಚೀಟಿ ಕಿತ್ತು ಒಂದನ್ನು ಹಾಕಿದರೆ ಕಾಶಮ್ಮ ತಲೆ ಅಲ್ಲಾಡಿಸಿದಳು. "ಯಾರೋ ಬಾವ್ಯಾಗ ಕುಂತು ಮಾತಾಡಿಧಂಗ ಕೇಳತೈತಿ."

ಅಂಗಡಿಯಲ್ಲಿ ಕೊಳೆತ ಮಾಲು ಎಂದುಕೊಂಡಳು ತಾರಾದೇವಿ. ಅತ್ತೆಯ ನಡುಗುವ ಬೆರಳಿಗೆ ಚೀಟಿ ಕೀಳುವ ಕಷ್ಟವೂ ಬೇಡವೆಂದು ಅಷ್ಟನ್ನೂ ಒಮ್ಮೆಲೇ ಕಿತ್ತು, ತಟ್ಟೆಯಲ್ಲಿ ಹರವಿ, ಮಾಳಿಗೆಯಲ್ಲಿ ಒಣಗುತ್ತಿದ್ದ ಸಂಡಿಗೆಯ ಪಕ್ಕದಲ್ಲಿಟ್ಟಳು. ಸಂಜೆ ಹಾಕಿ ನೋಡಿದರೆ ಖಣಖಣ ಕೇಳಿಸಿತು! "ನಿನ್ನ ಕೈಗುಣಾ," ಎಂದು ಕಾಶಮ್ಮ ನಕ್ಕಳು. ತಾರಾದೇವಿ ನೆಮ್ಮದಿಯಿಂದ ಶಾಲೆಗೆ ಹೊರಟಳು.

ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಅವಳು ಮನೆಗೆ ಬಂದಾಗ ಕಾಶಮ್ಮ ಹೊಸ್ತಿಲ ಕಡೆ ಬೆನ್ನು ಮಾಡಿ ಕೂತಿದ್ದಳು. ಹಳೆಯ ಸೀರೆಯ ತುಂಡೊಂದರ ಒಂದು ತುದಿ ಮಗಳು ನೀಲಾಳ ನಡುವಿಗೆ, ಇನ್ನೊಂದು ತುದಿ ಅಜ್ಜಿಯ ಮುಂಗೈಗೆ ಬಿಗಿದಿತ್ತು.

"ಅತ್ತೀ, ಕೂಸಿನ್ನ ಯಾಕ ಕಟ್ಟೀರಿ?"

ಕಾಶಮ್ಮ ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, "ಹೂಂ, ಉಂಡೈತಿ, ಈಗ ಉಂಡೈತಿ," ಎಂದಳು.

ತಾರಾದೇವಿ ಡಬ್ಬಿ ಸುರಿದು ಒಂದೊಂದೇ ಸೆಲ್ಲು ಹಾಕಿ ನೋಡಿದಳು. ಯಾವುದಕ್ಕೂ ಜೀವವಿಲ್ಲ.

"ಎಂದಿನಿಂದ?" ಎಂದು ಬೆರಳಾಡಿಸಿ ಕೇಳಿದಳು.

"ಐತವಾರದಿಂದ," ಕಾಶಮ್ಮ ಕಿವುಡರ ಎತ್ತರದ ದನಿಯಲ್ಲಿ ಒದರಿದಳು. "ಹೇಳಿದ್ರ ನೀ ಸಾಲಿಗೆ ಹೋಗ್ತಿದ್ದಿಲ್ಲ. ಅದಕ್ಕ ಹೇಳಲಿಲ್ಲ, ನಿಮ್ಮ ತುಟಿ ನೋಡಿ ಹೂಂ ಅಂತಿದ್ದೆ. ಕೂಸು ಎಳದ್ರ ನನಗ ತಿಳೀತೈತಿ ಬಿಡು!"

ತಾರಾದೇವಿ ಅತ್ತೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಗಲ್ಲಿಯ ಜನ ಕೇಳಿಸಿಕೊಂಡು ದಾನಯ್ಯನಿಗೆ ಮುಟ್ಟಿಸಿದರೆ? ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಭಾನುವಾರ ಕಳೆದು ದಿನವೂ ಬೆಳಗ್ಗೆ ಮಗುವನ್ನು ಬಟ್ಟೆಯ ತುಂಡಿನ ಭರವಸೆಯಲ್ಲಿ ಬಿಟ್ಟು ಹೋದೆನಲ್ಲ ಎಂದುಕೊಳ್ಳುತ್ತ ನೀಲಾಳ ನಡುವಿನ ಗಂಟು ಬಿಚ್ಚಿದಳು. ತೆರೆದ ಮೆಟ್ಟಿಲುಗಳ ಕಡೆ ನೋಡಲಾಗಲಿಲ್ಲ.

ಮಗುವನ್ನು ಕಂಕುಳಿಗೇರಿಸಿಕೊಂಡು ಗೋದೌಲಿಯಾ ಪೇಟೆಗೆ ಓಡಿದಳು. ಗಡಿಯಾರದ ಅಂಗಡಿಯ ಚೌರಸಿಯಾ ಸೆಲ್ಲನ್ನು ತಿರುಗಿಸಿ ನೋಡಿ, ಬಿಸಿಲಿನ ಕತೆ ಕೇಳಿ ಗಹಗಹಿಸಿದ.

"ಅರೇ ಭಾಭೀಜಿ, ಸೆಲ್ ಕಾ ಪಾಪಡ್ ಬನಾ ದಿಯಾ!"

ಹಪ್ಪಳದ ಮಾತಿಗೆ ಅವಳಿಗೆ ನಗು ಬರಲಿಲ್ಲ. ಅವನು ತಿಳಿಸಿ ಹೇಳಿದ. ಮೊದಲಿನ ಸೆಲ್ಲಿನಲ್ಲಿ ಪಾದರಸ ಇರುತ್ತಿತ್ತು. ಅದು ವಿಷ, ಎಸೆದರೆ ಮಣ್ಣಿಗೂ ನೀರಿಗೂ ಸೇರುತ್ತದೆ ಅಂತ ಅವುಗಳನ್ನು ಮಾಡುವುದನ್ನೇ ನಿಲ್ಲಿಸಿದರು. ಇದು ಗಾಳಿ ಕುಡಿದು ಬದುಕುವ ಸೆಲ್ಲು. ಚೀಟಿ ಕಿತ್ತೊಡನೆ ಸಣ್ಣ ತೂತಿನಿಂದ ಉಸಿರು ಶುರು, ನಿಧಾನಕ್ಕೆ ಕಸುವು ಏರುತ್ತದೆ. ಒಮ್ಮೆ ಶುರುವಾದರೆ ಬಳಸಿದರೂ ಬಳಸದಿದ್ದರೂ ಆಯುಸ್ಸು ಮುಗಿಯುತ್ತದೆ. ಬಿಸಿಲಿಗಿಟ್ಟರೆ ಒಣಗಿ ಇನ್ನೂ ಬೇಗ. ಬೇರೆ ಬೇಕೆಂದರೆ ಹಳೆಯ ಮಷೀನಿನ ಈ ದೊಡ್ಡ ಅಳತೆಯದು ಸದ್ಯಕ್ಕೆ ಇಲ್ಲ, ದಿಲ್ಲಿಯಿಂದ ತರಿಸಲು ಎರಡು ವಾರ. ವಿಶ್ವವಿದ್ಯಾಲಯದ ಆಸ್ಪತ್ರೆಯ ಎದುರಿನ ಅಂಗಡಿಗಳಲ್ಲೂ ಕೇಳಿದಳು. ಹೊಸ ಪುಟ್ಟ ಮಷೀನುಗಳ ಪುಟ್ಟ ಸೆಲ್ಲುಗಳಷ್ಟೇ ಇದ್ದವು.

ಎರಡು ವಾರ! ಶಾಲೆಯವರು ಎರಡು ದಿನವೂ ಕಾಯುವವರಲ್ಲ.

ಆ ಸಂಜೆ ತಾರಾದೇವಿ ಏನನ್ನೂ ಬಚ್ಚಿಡಲಿಲ್ಲ. ದಾನಯ್ಯ ಕೇಳಿ, ಚಹಾ ಕುಡಿದು ಮುಗಿಸಿ, "ಮುಗೀತಲ್ಲ ಮತ್ತ. ನಾಳೆ ಹೋಗಿ ಒಲ್ಲೆ ಅಂತ ಹೇಳಿಬಾ," ಎಂದ.

"ನೀವು ಹತ್ತರತನಕಾ ಮನ್ಯಾಗ ಇರ್ತೀರಲ್ರಿ."

"ನಾನs?"

"ಹತ್ತಕ್ಕ ಕೆಳಗಿನ ಮನಿ ವಸಂತಾ ಬಂದು ಕುಂಡ್ರತೀನಿ ಅಂದಾಳ. ಅಲ್ಲೀತನಕಾ ನೀವು ನೋಡ್ರಿ. ಎರಡು ವಾರ ಅಷ್ಟs."

ಗಂಗೆಯನ್ನು ಕೊಡದಲ್ಲಿ ಹೊತ್ತು ತಾ ಎಂದವರನ್ನು ನೋಡುವಂತೆ ಅವನು ಹೆಂಡತಿಯನ್ನು ನೋಡಿದ. ಹತ್ತು ಗಂಟೆಯವರೆಗೆ ಪೇಪರು ಹಿಡಿದು ಕೂರುವ ಆ ಹೊತ್ತನ್ನು ಆ ಮನೆಯಲ್ಲಿ ಯಾರೂ ಹೊತ್ತೆಂದು ಎಣಿಸಿರಲಿಲ್ಲ, ತಾರಾದೇವಿಯೂ ಎಣಿಸಿರಲಿಲ್ಲ. 

ಬೆಳಗ್ಗೆ ಎದ್ದಾಗಲೂ ಉತ್ತರ ಬಂದಿರಲಿಲ್ಲ. ಕಾಶಮ್ಮ ಬಚ್ಚಲ ನಲ್ಲಿಗೆ ಕೊಡ ಹಿಡಿದಿದ್ದಳು. ದಾನಯ್ಯ ಮಂಚದ ಮೇಲೆ ಪೇಪರು ಬಿಚ್ಚಿದ್ದ. ತಾರಾದೇವಿ ಮಗುವನ್ನು ಅವನ ಪಕ್ಕದಲ್ಲಿ ಕೂರಿಸಿ, "ಬರ್ತೀನ್ರಿ," ಎಂದು ಹೊರಬಿದ್ದು, ಮೆಟ್ಟಿಲ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.

ಗಲ್ಲಿಯ ತಿರುವಿಗೆ ಬಂದಿರಲಿಲ್ಲ, ನೀಲಾ ಚಿಟ್ಟನೆ ಚೀರಿದಳು. ತಾರಾದೇವಿ ಗೋಡೆ ಹಿಡಿದು ನಿಂತಳು.

"ಅವ್ವಾ, ಕೂಸು ಅಳಾಕತ್ತೈತಿ ನೋಡು!" ದಾನಯ್ಯನ ದನಿ ಕಿಟಕಿಯಿಂದ ಬಂತು.

ಅಳು ಏರಿತು.

"ಅವ್ವಾ! ಏ ಅವ್ವಾ! ಕೇಳವಲ್ದೇನು?"

ಅವಳ ಕಾಲು ತಾನಾಗಿಯೇ ಮನೆಯ ಕಡೆ ಹೊರಳಿತು. ಎರಡು ಹೆಜ್ಜೆ ಹಿಂದಕ್ಕೆ ಬಂದೂಬಿಟ್ಟಳು.  ಆಮೇಲೆ ಮಂಚ ಕಿರ್ರೆಂದಿತು. ಯಾರೋ ಬರಿಗಾಲಲ್ಲಿ ದಡಬಡ ನಡೆದ ಸಪ್ಪಳ. "ಬಾ... ಬಾರವ್ವ ಇಲ್ಲಿ... ಏನಾತು?" ಎಂದು ದಾನಯ್ಯ ಅಭ್ಯಾಸವಿಲ್ಲದ ದನಿಯಲ್ಲಿ ತೊದಲುತ್ತಿದ್ದ.

ಅಳು ನಿಲ್ಲಲಿಲ್ಲ. ತಾರಾದೇವಿ ಸೆರಗು ಬಿಗಿದು ಶಾಲೆಯ ದಿಕ್ಕಿಗೆ ತಿರುಗಿದಳು. ದೊಡ್ಡ ರಸ್ತೆ ಸೇರುವವರೆಗೂ ಅಳು ಬೆನ್ನಿಗಿತ್ತು. ಅಲ್ಲಿಂದಾಚೆಗೆ ರಿಕ್ಷಾಗಳ ಗಂಟೆಯ ಗದ್ದಲದಲ್ಲಿ, ಅದು ನಿಂತಿತೋ ಇಲ್ಲವೋ ತಿಳಿಯಲಿಲ್ಲ.