ಅವ್ವ ಮತ್ತು ಒಂದು ಅಡಿಟಿಪ್ಪಣಿ

ಒಣಗಿದ ಬೇವಿನೆಲೆಯ ವಾಸನೆ ಎಲ್ಲಿಂದಲೇ ಬರಲಿ, ನನಗೆ ಮರಾಠಿ ಸೀಮೆಯ ಓಝರಿನ ಕಾರ್ಖಾನೆ ಕ್ವಾರ್ಟರ್ಸಿನ ಆ ಎರಡು ಕೋಣೆಯ ಮನೆ ನೆನಪಾಗುತ್ತದೆ. ಹುಳ ಬೀಳಬಾರದೆಂದು ಅವ್ವ ತನ್ನ ಸತ್ಯವೇದದ ಹಾಳೆಗಳ ನಡುವೆ ಬೇವಿನೆಲೆ ಇಡುತ್ತಿದ್ದಳು. ಸಂಜೆ ಪ್ರಾರ್ಥನೆಗೆ ಅದನ್ನು ತೆರೆದರೆ ಸಣ್ಣ ಕಹಿ ವಾಸನೆ ಎದ್ದು, ಆಗಷ್ಟೇ ಬಡಿದಿಟ್ಟ ಜೋಳದ ರೊಟ್ಟಿಯ ಘಮದೊಡನೆ ಬೆರೆಯುತ್ತಿತ್ತು. ಅಪ್ಪ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಬೆಟಗೇರಿಯಿಂದ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಪಾಳಿ ಮುಗಿಸಿ ಬಂದು, ಉಗುರಿನ ಸಂದಿಯ ಎಣ್ಣೆ ಹೋಗುವವರೆಗೆ ಕೈ ತಿಕ್ಕಿ ತೊಳೆದು, ಚಾಪೆಯ ಮೇಲೆ ಕೂತು ಹಾಡು ಎತ್ತುತ್ತಿದ್ದರು. ಆಮೇಲೆ ಓದುವುದು ಅವ್ವನ ಸರದಿ. ಮರಾಠಿ ಶಾಲೆಗೆ ಹೋಗುತ್ತಿದ್ದ ಅಕ್ಕ ಸುನಂದಾಳಿಗೂ ನನಗೂ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಹೋದರೆ ನಾಲಗೆ ತಡವರಿಸುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥ ಸಂಜೆಗಳು ಇದ್ದು ಹೋಗಿದ್ದರೆ, ನಾನು ಹೆಚ್ಚು ವಿವರಿಸಬೇಕಿಲ್ಲ.

ಅವ್ವ ಮತ್ತೆ ಮತ್ತೆ ಓದುತ್ತಿದ್ದದ್ದು ಒಂದೇ ಕಥೆ. ತಪ್ಪು ಮಾಡಿದಳೆಂದು ಒಬ್ಬ ಹೆಂಗಸನ್ನು ಎಳೆದು ತಂದು ಜನ ಕಲ್ಲೆಸೆಯಲು ನಿಂತಾಗ, ಯೇಸು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತ, ಪಾಪ ಮಾಡದವನೇ ಮೊದಲ ಕಲ್ಲು ಎಸೆಯಲಿ ಎಂದು ಅವಳನ್ನು ಉಳಿಸುತ್ತಾನಲ್ಲ, ಆ ಕಥೆ. ಅವ್ವನ ತಂಗಿಯ ಬಗ್ಗೆ ಊರಲ್ಲಿ ಯಾರೋ ಆಡಬಾರದ ಮಾತಾಡಿ, ಮನೆಮಂದಿಯೇ ಅವಳನ್ನು ಹೊರಗೆ ಹಾಕಿದ್ದರಂತೆ. ಆ ದಿನಗಳಲ್ಲಿ ಅವ್ವ ಹಿಡಿದುಕೊಂಡದ್ದು ಈ ಕಥೆಯನ್ನು. ಆಮೇಲೆ ಬಿಡಲೇ ಇಲ್ಲ.

ಅಕ್ಕ ಕಾಲೇಜಿಗೆಂದು ಈಗಿನ ಸಂಭಾಜಿನಗರಕ್ಕೆ ಹೋದಳು. ಆಗ ನಮಗದು ಔರಂಗಾಬಾದು. ದೀಪಾವಳಿ ರಜೆಗೆ ಬಂದವಳು ಪ್ರಾರ್ಥನೆಗೆ ಕೂಡುವುದಿಲ್ಲ ಎಂದಳು. "ಕೈಯಿಂದ ಕೈಗೆ ಬರ್ಕೊಂತ ಬಂದದ್ದವ್ವಾ ಆ ಪುಸ್ತಕ. ನಡುವ ಯಾರ್ಯಾರು ಏನೇನ್ ಬದಲ್ ಮಾಡ್ಯಾರೋ! ಹಾಸ್ಟೆಲ್‌ನ್ಯಾಗ ಹುಡುಗ್ಯಾರು ಇದನ್ನ ಕೇಳಿದ್ರ ನಾ ಏನ್ ಹೇಳ್ಲಿ?" ಅವ್ವನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಅಪ್ಪ ಮಾತ್ರ ಸಿಟ್ಟಾಗಲಿಲ್ಲ. "ಕೇಳ್ಯಾಳಂದ್ರ ಉತ್ತರಾ ಹುಡುಕೂಣು," ಎಂದು ಅವ್ವನ ಅಣ್ಣ ದೇವದಾನ ಮಾಮಾಗೆ ಫೋನ್ ಮಾಡಿ ಕರೆಸಿದರು. ಮಾಮಾ ಪಾದ್ರಿಗಳಾಗುವವರಿಗೆ ಸತ್ಯವೇದದ ಮೂಲ ಭಾಷೆಗಳಾದ ಹಳೆಯ ಗ್ರೀಕ್ ಮತ್ತು ಹೀಬ್ರೂ ಕಲಿಸುತ್ತಿದ್ದರು.

ಮಾಮಾ ಬಂದ ಸಂಜೆ ಚಹಾ ಎರಡು ಸಲ ಆಯಿತು. "ಕಿವಿಯಿಂದ ಕಿವಿಗೆ ಮಾತು ದಾಟಿಸೋ ಆಟದಂಗ ಅಲ್ಲೇನ್ರಿ ಮಾಮಾ?" ಎಂದು ಅಕ್ಕ ಕೇಳಿದಳು. ಮಾಮಾ ನಕ್ಕರು. "ಆ ಆಟದಾಗ ಸಾಲು ಒಂದ ಇರ್ತೈತಿ, ಹಿಂದ ತಿರುಗಿ ಕೇಳಂಗಿಲ್ಲ. ಇಲ್ಲಿ ಸಾಲು ಹತ್ತಾರು ದೇಶಕ್ಕ ಹೋಗ್ಯಾವು. ಒಬ್ಬಾಂವ ಇಲ್ಲಿ ತಪ್ಪು ಬರದ್ರ ಅಲ್ಲೀ ಪ್ರತಿ ಅದನ್ನ ತೋರಸ್ತೈತಿ. ಎಲ್ಲಾ ಪ್ರತಿ ಕೂಡಿಸಿ ತಿದ್ದಾಕ ಯಾರ ಕೈಲೂ ಆಗೂದಿಲ್ಲ." ಮರುಭೂಮಿಯ ಗುಹೆಗಳಲ್ಲಿ ಸಿಕ್ಕ ಸತ್ಯವೇದದ ಹಳೆಯ ಚರ್ಮದ ಸುರುಳಿಗಳ ಬಗ್ಗೆಯೂ ಹೇಳಿದರು: ಅದುವರೆಗೆ ಇದ್ದ ಪ್ರತಿಗಳಿಗಿಂತ ಸಾವಿರ ವರ್ಷದಷ್ಟು ಹಳೆಯವು, ಕಾಗುಣಿತ, ಪದಗಳ ಅಲ್ಲಲ್ಲಿನ ವ್ಯತ್ಯಾಸ ಬಿಟ್ಟರೆ ಪ್ರವಾದಿ ಯೆಶಾಯನ ಮಾತು ಬಹುಪಾಲು ಅದೇ. "ಹಂಗಾರ ಎಲ್ಲೂ ಫರಕ್ ಇಲ್ಲೇನ್ರಿ?" ಎಂದು ಅಕ್ಕ ಬಿಡಲಿಲ್ಲ.

ಮಾಮಾ ಒಂದು ಕ್ಷಣ ಅವ್ವನನ್ನು ನೋಡಿದರು. ಆಮೇಲೆ ತಮ್ಮ ಚೀಲದಿಂದ ಹೊಸ ಅನುವಾದ ತೆಗೆದು ಯೋಹಾನನ ಸುವಾರ್ತೆಯ ಪುಟ ಬಿಡಿಸಿದರು. ಅವ್ವನ ಕಥೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಇತ್ತು. "ಫರಕ್ ಅದಾವು. ಈ ಕಥೀ ಭಾಳ ಹಳೇ ಪ್ರತಿಗಳೊಳಗ ಇಲ್ಲ. ಆಮ್ಯಾಲೆ ಸೇರಿದ್ದಿರಬೇಕು."

ನಾನು ಅವ್ವನ ಮುಖ ನೋಡಲಾರದೆ ಚಾಪೆಯ ಅಂಚು ಕೀಳುತ್ತ ಕೂತೆ. ಅಕ್ಕನಿಗೂ ಗೆದ್ದ ಖುಷಿಯಿರಲಿಲ್ಲ. ಹೋಗಿ ಅವ್ವನ ಪಕ್ಕ ಕೂತಳು. ಅವ್ವ ಆ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಕೇಳಿದಳು, "ಅಣ್ಣಾ, ಇದನ್ನ ಯಾರು ಬರದು ಹಾಕ್ಯಾರು? ವೈರಿಗಳೇನು?"

"ಅಲ್ಲ ತಂಗೀ, ನಮ್ಮವರ ಬರದಾರ."

"ಹಂಗಾದ್ರ ಹೇಳ್ತೀನಿ ಕೇಳು ಸುನಂದಾ. ಅನುಮಾನ ಇದ್ದಲ್ಲೆ ಅನುಮಾನ ಅಂತ ಬರದವ್ರು ಉಳದದ್ದರಾಗ ಮೋಸ ಮಾಡ್ತಾರೇನು? ಕಥೀ ಹೋದೀತಂತ ನನಗ ಸಂಕಟ ಆತು, ಖರೇ. ಆದ್ರ ಮುಚ್ಚಿಟ್ಟಿದ್ರ ಇನ್ನೂ ಸಂಕಟ ಆಗ್ತಿತ್ತು."

ಮಾಮಾ ತಲೆಯಾಡಿಸಿದರು. "ಕಥೀ ಎಲ್ಲೂ ಹೋಗಿಲ್ಲ. ಅದೂ ಹಳೇದ, ನಡದದ್ದ ಇರಬೇಕು ಅನ್ನವರೂ ಭಾಳ ಮಂದಿ. ಆದ್ರ ಸುನಂದಾ, ಮಾತು ಉಳದೈತಿ ಅನ್ನೋದು ಬ್ಯಾರೆ, ಅದನ್ನ ನಂಬೂದು ಬ್ಯಾರೆ. ಮೊದಲನೇದ್ದು ನಾ ತೋರಸಬಲ್ಲೆ. ಎರಡನೇದ್ದು ನಿನಗ ಬಿಟ್ಟದ್ದು." ಆ ಸಂಜೆ ಅಕ್ಕ ಪ್ರಾರ್ಥನೆಗೆ ಕೂತಳು. ನಂಬಿಕೆ ಬರಲು ಅವಳಿಗೆ ಇನ್ನೂ ವರ್ಷಗಳು ಬೇಕಾದವು, ಆದರೆ ಅದು ಬದಲಾದ ಪುಸ್ತಕ ಎಂದು ಅವಳು ಮತ್ತೆ ಹೇಳಿದ್ದನ್ನು ನಾನು ಕೇಳಲಿಲ್ಲ. ಅವ್ವ ಆ ಕಥೆಯನ್ನು ಮೊದಲಿನಂತೆಯೇ ಓದಿದಳು. ಮುಗಿದ ಮೇಲೆ, "ಇದು ಹಳೇ ಪ್ರತಿಗಳೊಳಗ ಇಲ್ಲಂತ" ಎಂದು ಹೇಳುವುದನ್ನೂ ರೂಢಿ ಮಾಡಿಕೊಂಡಳು.

ಅಪ್ಪ ನಿವೃತ್ತರಾದಾಗ ಕ್ವಾರ್ಟರ್ಸು ಬಿಟ್ಟುಕೊಟ್ಟೆವು. ಮೊದಲು ಮಾಮಾ, ನಂತರ ಅಪ್ಪ ತೀರಿಕೊಂಡರು. ಅವ್ವ ಕೊನೆಯ ದಿನಗಳನ್ನು ಸಂಭಾಜಿನಗರದಲ್ಲಿ ಅಕ್ಕನ ಮನೆಯಲ್ಲಿ ಕಳೆದಳು. ಊರ ಪಕ್ಕದ ವಾಳೂಜಿನಲ್ಲಿ ಕೆಲಸ ಮುಗಿಸಿ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಅವ್ವನ ಕಣ್ಣು ಮಂಜಾಗಿತ್ತು, ಅಕ್ಕನೇ ಓದುತ್ತಿದ್ದಳು. ಅವಳ ಕನ್ನಡ ಆಗಲೂ ಮರಾಠಿಯ ಕಡೆ ವಾಲುತ್ತಿತ್ತು. ಒಂದು ಪದ ಜಾರಿದರೂ ಮಲಗಿದಲ್ಲಿಂದಲೇ ಅವ್ವ ಸರಿಯಾದದ್ದನ್ನು ಹೇಳುತ್ತಿದ್ದಳು; ಅಕ್ಕ ಹಿಂದೆ ಹೋಗಿ ಮತ್ತೆ ಓದುತ್ತಿದ್ದಳು. ಒಂದು ಸಂಜೆ ಸತ್ಯವೇದದ ಕೀರ್ತನೆ ಓದುವಾಗ ಅಕ್ಕ ಒಂದು ಪದ ತಪ್ಪಿದಳು. ಅವ್ವ ತಿದ್ದಲಿಲ್ಲ. ಅಕ್ಕ ಕಾದಳು, ತಲೆಯೆತ್ತಿ ನೋಡಿದಳು; ಅವ್ವನ ಉಸಿರು ನಿಂತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ನಂತರ ಆ ಪದವನ್ನು ತಾನೇ ತಿದ್ದಿ ಓದಿ, ಕೊನೆಯ ಸಾಲಿನವರೆಗೂ ಓದಿದಳು.