ಐದು ಪಾಯಿಂಟ್ ಹತ್ತರ ಅಮೋಘಿ

ತಿಕೋಟಾದ ಅಮೋಘಿ ಗಿಡ್ಡ ಎಂದು ಸರ್ಕಾರ ತೀರ್ಪು ಕೊಟ್ಟದ್ದು ೧೯೭೮ರಲ್ಲಿ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ನಾನು ಆಗ ತಿಕೋಟಾ–ವಿಜಾಪುರ ಬಸ್ಸಿನ ಕಂಡಕ್ಟರ್. ಊರಿನ ಎಲ್ಲ ತಲೆಗಳೂ ನನಗೆ ಗೊತ್ತು. ಬಾಗಿಲಿಗೆ ತಲೆಗೆ ಸುತ್ತಿದ ಪಟಗಾ ತಾಗದಂತೆ ಬಗ್ಗಿ ಬಸ್ಸು ಹತ್ತುತ್ತಿದ್ದವನು ಅಮೋಘಿ ಒಬ್ಬನೇ. ಐದು ಫೂಟು ಹತ್ತು ಇಂಚಿನ ಆಳು ಮಾರಾಯರೇ, ಗಿಡ್ಡನಂತೆ!

ಅವನದು ಕುರಿ ಕಾಯುವ ಮನೆತನ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕನಮಡಿ ದಾಟಿದರೆ ಮತ್ತೆ ಮನೆ ಕಾಣುವುದು ಮಳೆಗಾಲಕ್ಕೇ. ಹೆಂಡತಿ ಹೊಳೆವ್ವ ಮಗಳನ್ನು ಹೆತ್ತದ್ದು ಯಾರದೋ ಹೊಲದ ಬದುವಿನ ಮೇಲೆ. ಆ ಮಗಳು ಸಾಲಿಗೆ ಹೋಗುವ ವಯಸ್ಸಿಗೆ ಬಂದಾಗ ಹೊಳೆವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಇಕಿ ಕುರಿ ಬೆನ್ನ ಹತ್ತಿ ತಿರಗೂದು ಬ್ಯಾಡ. ನೀ ಒಂದ ಕಡೆ ನಿಲ್ಲೂವಂಥಾ ನೌಕರಿ ನೋಡು."

ಅಮೋಘಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ. ಆ ವರ್ಷ ಕಾಲುವೆ ಕಾಯುವ ದಳಕ್ಕೆ ಆಳು ಬೇಕೆಂದು ಕರೆದರು. ಪಗಾರದ ಜೊತೆ ಇರಲು ಮನೆಯನ್ನೂ ಕೊಡುತ್ತಿದ್ದರು. ಎತ್ತರ ಐದು ಫೂಟು ಆರು ಇಂಚಿಗೆ ಕಡಿಮೆ ಇರಬಾರದು, ವಯಸ್ಸು ಇಪ್ಪತ್ತೈದು ದಾಟಿರಬಾರದು. ಅಮೋಘಿಗೆ ಇಪ್ಪತ್ತೈದು ನಡೆದಿತ್ತು. ಇದು ತಪ್ಪಿದರೆ ಮತ್ತೊಂದು ಅವಕಾಶವಿಲ್ಲ.

ವಿಜಾಪುರದ ಮೈದಾನದಲ್ಲಿ ಓಡಿಸಿದರು, ಇವನೇ ಮುಂದೆ ಬಂದ. ಗೋಡೆಗೆ ನಿಲ್ಲಿಸಿ ಅಳೆದವನು "ಐದು ಪಾಯಿಂಟ್ ಹತ್ತು" ಎಂದು ಕೂಗಿದ, ಗುಮಾಸ್ತ 5.10 ಎಂದು ಬರೆದುಕೊಂಡ. ನಮ್ಮ ಕಡೆ ಬಾವಿಯ ಆಳವಾಗಲಿ ಬಾಗಿಲ ಚೌಕಟ್ಟಾಗಲಿ, ಫೂಟಿಗೂ ಇಂಚಿಗೂ ನಡುವೆ ಒಂದು ಚುಕ್ಕಿ ಇಟ್ಟುಬಿಡುವುದೇ ರೂಢಿ. ಬಡಿಗನಿಂದ ಹಿಡಿದು ಇಂಜಿನಿಯರನವರೆಗೆ ಯಾರಿಗೂ ಅದರಿಂದ ತೊಂದರೆಯಾದದ್ದಿಲ್ಲ.

ತಿಂಗಳ ಮೇಲೆ ಪಟ್ಟಿ ಬಂತು. ಅಮೋಘಿಯ ಹೆಸರಿನ ಮುಂದೆ "ಎತ್ತರ ಸಾಲದು" ಎಂದಿತ್ತು.

ನನ್ನ ರಜೆಯ ದಿನ ಅವನನ್ನು ಕರೆದುಕೊಂಡು ಜೋರಾಪುರ ಪೇಟೆಯ ಹತ್ತಿರವಿದ್ದ ಆ ದಳದ ಕಚೇರಿಗೆ ಹೋದೆ. ಬಾಗಿಲಲ್ಲಿ ಬಬಲೇಶ್ವರದ ಯಲಗೂರಪ್ಪ ನಿಂತಿದ್ದ. ಅಮೋಘಿಗಿಂತ ಒಂದು ಇಂಚು ಉದ್ದ. ಅವನೂ ಗಿಡ್ಡನೇ ಅಂತೆ! ಒಳಗೆ ಕುಳಿತಿದ್ದ ಸಾಹೇಬ ಗುರಲಿಂಗಪ್ಪ ಎದ್ದು ನಿಂತರೆ ಅಮೋಘಿಯ ಭುಜಕ್ಕೆ ಬರುತ್ತಿದ್ದ.

"ಕಂಪ್ಯೂಟರ್ ತೆಗದ ಲಿಸ್ಟ್ ಐತ್ರಿ ಇದು, ತಪ್ಪಂಗಿಲ್ಲ," ಎಂದ ಸಾಹೇಬ. ಆಮೇಲೆ ಅಮೋಘಿಯ ಕಡೆ ತಿರುಗಿ, "ನೀವ ಉದ್ದ ಅದೀರಿ, ಆ ಮ್ಯಾಲಿನ ಗಂಟ ಇಳಸರಿ, ತೋರಸ್ತೀನಿ," ಎಂದ.

ಅಮೋಘಿ ನಿಂತಲ್ಲೇ ಕೈ ಎತ್ತಿ ಕಪಾಟಿನ ಮೇಲಿದ್ದ ಪಟ್ಟಿಗಳ ಗಂಟು ಇಳಿಸಿಕೊಟ್ಟ. ಸಾಹೇಬ ಅದನ್ನು ಬಿಚ್ಚಿ, ಅವನ ಹೆಸರಿನ ಮೇಲೆ ಬೆರಳಿಟ್ಟು, "ನೋಡ್ರಿ, ಎತ್ತರ ಕಡಿಮಿ," ಎಂದ!

"ಏನ್ರೀ ಸಾಹೇಬ್ರ, ಕಣ್ಣ ಅದಾವೋ ಇಲ್ಲೋ?" ಎಂದು ನಾನು ಕೂಗಿಯೇ ಬಿಟ್ಟೆ.

ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಕಂಪ್ಯೂಟರಿನ ಕೆಲಸದ ಶಿವಯೋಗೆಪ್ಪ ಬಂದ. ಹಾಳೆ ನೋಡಿದವನು ನಕ್ಕ. "ಕಾರ್ಡಿನ್ಯಾಗ ತೂತ ಹೊಡದ ಕೊಟ್ಟಾಗ ಯಂತ್ರಕ್ಕ ಇದು ಬರೇ ಅಕ್ಷರದ ಸಾಲ್ರಿ. ಇದನ್ನ ಅಂಕಿ ಮಾಡು ಅಂತ ನಾವ ಹೇಳ್ತೀವಿ. ಚುಕ್ಕಿ ಕಂಡಕೂಡ್ಲೆ ಅದು ದಶಾಂಶ ಅಂತ ತಿಳಕೋತೈತಿ. ದಶಾಂಶದಾಗ ಕಡೀ ಸೊನ್ನಿಗೆ ಕಿಮ್ಮತ್ತಿಲ್ಲ. ಐದು ಚುಕ್ಕಿ ಹತ್ತು ಅನ್ನೂದು ಐದು ಚುಕ್ಕಿ ಒಂದ ಆತು. ಐದು ಚುಕ್ಕಿ ಆರಕ್ಕಿಂತ ಸಣ್ಣದಲ್ಲೇನ್ರಿ? ಲೆಕ್ಕ ಬರೋಬ್ಬರಿ ಐತಿ."

ಯಲಗೂರಪ್ಪ ಬಾಯಿ ತೆರೆದ. "ಅಂದ್ರ ನಾ ಒಂಬತ್ತ ಇಂಚಿಗೆ ನಿಂತಿದ್ರ ಪಾಸ್ ಆಗ್ತಿದ್ನಿ? ಇನ್ನೆರಡ ಇಂಚ್ ಬೆಳದದ್ದ ತಪ್ಪಾತೇನ್ರಿ?"

"ಯಂತ್ರದ ತಪ್ಪಿಲ್ಲಂತ ಅವರ ಹೇಳ್ಯಾರಲ್ಲ," ಎಂದ ಗುರಲಿಂಗಪ್ಪ. "ಲಿಸ್ಟ್ ಮ್ಯಾಲ ಸಹಿ ಆಗೇತಿ. ಮುಂದಿನ ವರ್ಷ ಬರ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಚುಕ್ಕಿ ಇಟ್ಟವರು ಇವರ ಆಳು, ಓದಿದ್ದು ಇವರ ಯಂತ್ರ, ಬರೆ ಬಿದ್ದದ್ದು ಕುರಿ ಕಾಯುವವನ ಬೆನ್ನಿಗೆ. ಅಮೋಘಿ ಮಾತ್ರ ದನಿ ಎತ್ತಲಿಲ್ಲ. ಪಟಗಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತ.

"ಯಪ್ಪಾ, ಮುಂದಿನ ವರ್ಷ ನನ್ನ ವಯಸ್ಸು ದಾಟತೈತ್ರಿ. ಈಗ ಟೇಪ್ ಹಿಡೀರಿ. ಎಷ್ಟ ಹೊತ್ತಿನ ಕೆಲಸ?"

"ಅಳತಿ ದಿವಸ ಮುಗದೈತಿ," ಎಂದು ಸಾಹೇಬ ಗಂಟು ಕಟ್ಟಿದ. ಅದನ್ನು ಮೇಲಿಡಲು ಮತ್ತೆ ಅಮೋಘಿಯ ಕೈಗೇ ಕೊಟ್ಟ. ಈ ಪುಣ್ಯಾತ್ಮ ಅದನ್ನು ಇಟ್ಟೂ ಬಂದ! ದಾರಿಯುದ್ದಕ್ಕೂ ನಾನು ಅವನನ್ನೇ ಬೈದೆ.

ಮರುವರ್ಷ ಮತ್ತೆ ಕರೆದರು. ಈ ಸಲ ಅರ್ಜಿಯಲ್ಲಿ ಫೂಟಿಗೆ ಒಂದು ಚೌಕ, ಇಂಚಿಗೆ ಇನ್ನೊಂದು ಚೌಕ. ತಪ್ಪು ಗೊತ್ತಿತ್ತು ಎಂದಾಯಿತಲ್ಲ! ಗೊತ್ತಿದ್ದೂ ಒಬ್ಬನನ್ನೂ ತಿರುಗಿ ಕರೆಯಲಿಲ್ಲ, ನಾಚಿಕೆಗೇಡಿಗಳು. ಅಮೋಘಿ ಹೋಗಿ ನಿಂತ. ಎತ್ತರ ಸರಿ ಇದೆ, ವಯಸ್ಸು ಮೀರಿದೆ ಎಂದು ಕಳಿಸಿದರು.

ಆ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಕುರಿಹಿಂಡು ರಸ್ತೆಗೆ ಅಡ್ಡ ಬಂದು ನಮ್ಮ ಬಸ್ಸು ನಿಂತಿತು. ಅಮೋಘಿ ಮುಂದೆ ಹೋಗಿಬಿಟ್ಟಿದ್ದ. ಹಿಂದೆ ಹೊಳೆವ್ವ, ಅವಳ ಪಕ್ಕದಲ್ಲಿ ಮಗಳು, ಕೈಯಲ್ಲಿ ಕೋಲು. ನಾನು ಇಳಿದು ಕೇಳಿದೆ, "ಹೊಳೆವ್ವಾ, ಹುಡಿಗಿ ಸಾಲಿ?"

ಅವಳು ನಿಲ್ಲಲಿಲ್ಲ. "ಹ್ವಾದ ವರ್ಷ ಗಿಡ್ಡ ಅಂದ್ರು, ಈ ವರ್ಷ ಮುದುಕ ಅಂದ್ರು. ನಡುವ ಒಂದಿನಾನೂ ನನ್ನ ಗಂಡ ಮನಶ್ಯಾ ಆಗಿರಲಿಲ್ಲೇನ್ರಿ, ಅಣ್ಣಾ?"