ಬಸ್ಸು ಓಡಿಸದ ಡ್ರೈವರ್ ದೇವಯ್ಯ

ದೇವಯ್ಯನ ಬಗ್ಗೆ ಬರೆಯೋಣ ಎಂದು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲಲ್ಲ. ಹನ್ನೊಂದು ವರ್ಷ ಅವನ ಕೈಲಿ ದುಡಿಸಿಕೊಂಡು, ಆ ಕೆಲಸಕ್ಕೊಂದು ಹೆಸರಿಡಲು ಪುರಸೊತ್ತು ಮಾಡಿಕೊಳ್ಳದ ನಮ್ಮ ಡಿಪೋದ ಮೇಲೆ. ತಾಂಡ್ಯದ ದಾರಿಯಲ್ಲಿದ್ದ ಸರ್ಕಾರಿ ಬಸ್ಸಿನ ಡಿಪೋ ಎಂದರೆ ಸಾಕು, ಅದರ ಹೆಸರು ಬೇಡ. ಅಲ್ಲಿ ನಾನು, ಈ ನಂಜುಂಡೇಶ, ಕಂಡಕ್ಟರ್ ಆಗಿದ್ದೆ. ದೇವಯ್ಯ ಡ್ರೈವರ್ ಆಗಿದ್ದ. ಡ್ರೈವರ್ ಎಂದರೆ ಕಾಗದದಲ್ಲಿ ಮಾತ್ರ.

ತೊಂಬತ್ತೊಂದನೇ ಇಸವಿಯಲ್ಲಿ ಡಿಪೋದ ಗುಮಾಸ್ತರೊಬ್ಬರು ಮಗಳ ಮದುವೆಗೆಂದು ರಜೆ ಹಾಕಿದರು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂದು ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯುವವರು ಇರಲಿಲ್ಲ. ಆಗಿನ ಮ್ಯಾನೇಜರು ದೇವಯ್ಯನ ದುಂಡು ಅಕ್ಷರ ನೋಡಿ, "ಎರಡು ದಿನ ಬರಿಯಪ್ಪ" ಎಂದರು. ಮದುವೆ ಮುಗಿಯಿತು, ಗುಮಾಸ್ತರು ಬೇರೆ ಊರಿಗೆ ವರ್ಗವಾಗಿ ಹೋದರು, ಆ ಮ್ಯಾನೇಜರೂ ಹೋದರು. ಎರಡು ದಿನ ಮಾತ್ರ ಮುಗಿಯಲೇ ಇಲ್ಲ.

ಹೆಸರು ಬರೆಯುವುದೇನು ಮಹಾ ಎಂದು ನಾನೂ ಮೊದಮೊದಲು ಗೇಲಿ ಮಾಡಿದವನೇ. ಆಮೇಲೆ ಗೊತ್ತಾಯಿತು. ಸುತ್ತೂರು ಕಡೆಯ ಡ್ರೈವರ್ ದೊಡ್ಡಸಿದ್ದಯ್ಯನವರು ಸೋಮವಾರ ಪೂಜೆ ಮುಗಿಸದೆ ಬಾಯಿಗೆ ನೀರೂ ಬಿಡುತ್ತಿರಲಿಲ್ಲ, ಅವರಿಗೆ ಅವತ್ತು ಮಧ್ಯಾಹ್ನದ ಪಾಳಿ. ಕಂಡಕ್ಟರ್ ಸರ್ವಮಂಗಳಾ ಅವರ ಮಗು ನಾಲ್ಕು ಗಂಟೆಗೆ ಶಾಲೆ ಬಿಟ್ಟು ಗೇಟಿನ ಹತ್ತಿರ ನಿಲ್ಲುತ್ತಿತ್ತು, ಅವರಿಗೆ ಮೂರೂವರೆಗೆ ಮುಗಿಯುವ ಬಸ್ಸು. ಇನ್ನು ಡ್ರೈವರ್ ಪುಟ್ಟಸ್ವಾಮಿ ಮತ್ತು ಕಂಡಕ್ಟರ್ ಮಾದು. ಇಬ್ಬರದೂ ಒಂದೇ ಊರು, ಅಕ್ಕಪಕ್ಕದ ಗದ್ದೆ. ನಾಲೆ ನೀರಿಗೆ ಜಗಳವಾಡಿ ಮಾತು ಬಿಟ್ಟಿದ್ದರು. ಒಮ್ಮೆ ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಿದ್ದಾಗ ಮಾದು ಬೆಲ್ ಹೊಡೆಯಲಿಲ್ಲ, ಪುಟ್ಟಸ್ವಾಮಿ ಕೇಳಲಿಲ್ಲ. ಹೆಡತಲೆ ಎಂಬ ಊರಲ್ಲಿ ಇಳಿಯಬೇಕಾದವರು ಮುಂದಿನ ಊರಲ್ಲಿ ಇಳಿದು, ಇಬ್ಬರಿಗೂ ಶಾಪ ಹಾಕುತ್ತ ನಡೆದುಕೊಂಡು ವಾಪಸು ಬಂದರು.

ಇಂಥ ನೂರಾರು ಸಂಗತಿಗಳು ದೇವಯ್ಯನ ತಲೆಯಲ್ಲಿದ್ದವು. ಯಾವುದನ್ನೂ ಅವನು ಎಲ್ಲೂ ಬರೆದಿಟ್ಟಿರಲಿಲ್ಲ. ಮನೆಯ ವಿಷಯ ಹಲಗೆಗೆ ಏರಬಾರದು ಎಂಬುದು ಅವನ ಪದ್ಧತಿ. ಸಂಜೆ ಐದಕ್ಕೆ ಸೀಮೆಸುಣ್ಣ ಹಿಡಿದು ನಿಂತರೆ ಐದೂವರೆಗೆ ಮಾರನೇ ದಿನದ ನಲವತ್ತೆರಡು ಬಸ್ಸೂ ಸಿದ್ಧ.

ಅವನ ಮುದಿ ತಾಯಿ ಮಾತ್ರ ಬಂದವರ ಮುಂದೆಲ್ಲ ಮಗನನ್ನು ಆಡಿಕೊಳ್ಳುತ್ತಿತ್ತು. "ಬಸ್ ಓಡುಸ್ತೀನಿ ಅಂತ ಓದ, ಈಗ ಐಕ್ಳಂಗೆ ಬಳಪ ಇಡ್ಕಂಡ್ ಕುಂತವ್ನೆ" ಎಂದು ನಗುತ್ತಿತ್ತು. ದೇವಯ್ಯನೂ ನಗುತ್ತಿದ್ದ. ಆದರೆ ಆ ಕೆಲಸ, ಹಲಗೆಯ ಮುಂದಿನ ಆ ಮುರುಕು ಕುರ್ಚಿ ಎಂದರೆ ಅವನಿಗೆ ಪ್ರಾಣ. ಊಟದ ಹೊತ್ತಿನಲ್ಲೂ ಅದನ್ನು ಬಿಟ್ಟು ಏಳುತ್ತಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ಬೆಂಗಳೂರಿನಿಂದ ಒಂದು ಪತ್ರ ಬಂತು. ಸರ್ಕಾರಿ ಬಸ್ಸಿನ ಖರ್ಚು ಎಷ್ಟು, ಆಳು ಎಷ್ಟು, ಅಷ್ಟು ಆಳು ಬೇಕೇ ಎಂದು ವಿಚಾರಿಸುವ ಶಾಸಕರ ಸಮಿತಿಯೊಂದು ಡಿಪೋಗಳನ್ನು ನೋಡಲು ಹೊರಟಿತ್ತು. ಜೊತೆಗೆ ಹದಿನಾರು ಪ್ರಶ್ನೆಗಳ ಪಟ್ಟಿ. ಏಳನೆಯ ಪ್ರಶ್ನೆ ಓದಿ ನಮ್ಮ ಮ್ಯಾನೇಜರ್ ಬಸವಪ್ರಸಾದರು ಬೆವರಿದರು: 'ಡ್ರೈವರ್ ಎಂದು ಸಂಬಳ ಪಡೆದು ಬಸ್ಸು ಓಡಿಸದೆ ಇರುವವರು ಎಷ್ಟು ಮಂದಿ? ಯಾಕೆ?'

ಅವರು ದೇವಯ್ಯನನ್ನು ಕರೆಸಿದಾಗ ನಾನು ಅಲ್ಲೇ ಟಿಕೆಟ್ ಚೀಲ ಒಪ್ಪಿಸುತ್ತಿದ್ದೆ. ಬಸವಪ್ರಸಾದರು ಕೆಟ್ಟವರಲ್ಲ, ಹೆದರುಪುಕ್ಕಲು ಅಷ್ಟೇ. ವಿಷಯವನ್ನು ಬಿಡಿಸಿ ಹೇಳಿದರು.

"ನೋಡಯ್ಯ, ನೀನು ಮಾಡೋ ಕೆಲಸಕ್ಕೆ ನಮ್ಮಲ್ಲಿ ಹುದ್ದೆಯೇ ಇಲ್ಲ. ಗೊತ್ತಾದರೆ ಎರಡೇ ದಾರಿ. ಇಂಥ ಕೆಲಸ ಬೇಡ ಅಂತಾರೆ, ಆಗ ನೀನು ಸ್ಟೀರಿಂಗಿಗೆ ವಾಪಸ್. ಇಲ್ಲ, ಬೇಕು ಅಂತ ಹೊಸ ಹುದ್ದೆ ಮಾಡ್ತಾರೆ. ಅದಕ್ಕೆ ಪಿಯುಸಿ ಪಾಸಾಗಿರಬೇಕು ಅಂತಾರೆ. ನೀನು ಎಸ್ಸೆಸ್ಸೆಲ್ಸಿ ಫೇಲು. ಆಗಲೂ ನೀನು ಸ್ಟೀರಿಂಗಿಗೆ ವಾಪಸ್. ಒಂದು ದಿನ ಬಸ್ಸು ಓಡಿಸಿಬಿಡು. ಅವರು ಹೋದ ಮೇಲೆ ಕುರ್ಚಿ ನಿಂದೇ."

"ಬಾಯಿ ಬುಡಲ್ಲ ಸಾ," ಎಂದ ದೇವಯ್ಯ. ಹೊರಗೆ ಬಂದು ನನ್ನ ಹೆಗಲು ಹಿಡಿದುಕೊಂಡ. "ಆ ಕುರ್ಚಿ ಓದ್ರೆ ನಾನ್ ಏನ್ಲಾ ಮಾಡ್ಲಿ?" ಎಂದು ಕೇಳಿದ. ನಲವತ್ತೆಂಟು ವರ್ಷದವನ ಕಣ್ಣಲ್ಲಿ ನೀರಿತ್ತು.

ಸಮಿತಿ ಬರುವ ದಿನ ಸೋಮವಾರ. ಬಸವಪ್ರಸಾದರು ಹಿಂದಿನ ದಿನವೇ ಹಲಗೆ ಒರೆಸಿ, ಟೈಪು ಮಾಡಿಸಿದ ಪಟ್ಟಿ ಅಂಟಿಸಿದ್ದರು. ನೋಡಲು ಬಲು ಚೆಂದ. ಎದೆಯ ಬಿಲ್ಲೆಯ ನಂಬರಿನ ಸಾಲು ಹಿಡಿದು ಮೊದಲನೇ ಡ್ರೈವರಿಗೆ ಮೊದಲನೇ ಬಸ್ಸು, ಎರಡನೆಯವನಿಗೆ ಎರಡನೆಯದು. ದೇವಯ್ಯ ಅದನ್ನು ನೋಡಿ ತಲೆ ಕೆರೆದುಕೊಂಡ.

"ಸಾ, ಪುಟ್ಟಸ್ವಾಮಿಗೂ ಮಾದೂಗೂ ಒಂದೇ ಬಸ್ಸು ಆಕವ್ರಲ್ಲ?"

"ಒಂದು ದಿನ ತಡ್ಕೋತಾರೆ ಬಿಡಯ್ಯ. ನೀನು ಮೊದಲು ಗಾಡಿ ತೆಗಿ."

ನಮ್ಮಿಬ್ಬರಿಗೆ ಬಿದ್ದದ್ದು ಎಂಟೂವರೆಯ ತಿ. ನರಸೀಪುರದ ಬಸ್ಸು. ಲೈಸೆನ್ಸನ್ನು ಅವನು ತಪ್ಪದೆ ನವೀಕರಿಸಿಕೊಂಡು ಬಂದಿದ್ದ, ಅದರಲ್ಲಿ ಕೊರತೆ ಇರಲಿಲ್ಲ. ಆದರೆ ಸೀಟಿಗೆ ಏರಿದವನು ನನ್ನನ್ನು ಸನ್ನೆ ಮಾಡಿ ಕರೆದು, ಯಾರಿಗೂ ಕೇಳದಂತೆ, "ಲೇ ನಂಜುಂಡ, ಈ ಒಸ ಗಾಡೀಲಿ ರಿವರ್ಸ್ ಯಾವ್ ಕಡೀಕ್ಲಾ?" ಎಂದ. ನಾನು ನಂಜುಂಡೇಶ್ವರನಿಗೆ ಕೈಮುಗಿದು ಬೆಲ್ ಹೊಡೆದೆ.

ಊರು ದಾಟುವವರೆಗೆ ಎತ್ತಿನ ಗಾಡಿಯ ಹಿಂದೆ ಎತ್ತಿನ ಗಾಡಿಯ ಹಾಗೇ ಹೋದ. ಸೈಕಲ್ಲುಗಳೂ ನಮ್ಮನ್ನು ದಾಟಿಕೊಂಡು ಹೋದವು. ಸುತ್ತೂರು ಬರುವಷ್ಟರಲ್ಲಿ ಭುಜ ಇಳಿದಿತ್ತು, ಗೇರು ಬದಲಿಸುವಾಗ ಬಸ್ಸು ಎಗರುವುದು ನಿಂತಿತ್ತು. ಆಮೇಲೆ ಭತ್ತದ ಬಯಲಿನ ನಡುವೆ ನೇರ ದಾರಿ ಸಿಕ್ಕಾಗ ಅವನು ಶಿಳ್ಳೆ ಹಾಕುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಹತ್ತು ಗಂಟೆಗೆ ತಿ. ನರಸೀಪುರದ ನಿಲ್ದಾಣಕ್ಕೆ ನುಗ್ಗಿದರೆ, ಅಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕಲ್ಲಯ್ಯ ಎರಡೂ ಕೈ ಬೀಸುತ್ತ ಓಡಿಬಂದ. "ದೇವಣ್ಣ, ನಿಮ್ ಡಿಪೋದಿಂದ ಒಂದೇ ಸಮ ಫೋನು. ನಿನ್ನೇ ಬೇಕಂತೆ!"

ಕಲ್ಲಯ್ಯನ ಫೋನಿನ ವಿಶೇಷವೆಂದರೆ, ಅದು ಕಿವಿಗಿಟ್ಟುಕೊಂಡವನಿಗಿಂತ ಪಕ್ಕದಲ್ಲಿ ನಿಂತವನಿಗೇ ಚೆನ್ನಾಗಿ ಕೇಳುತ್ತಿತ್ತು. ಬಸವಪ್ರಸಾದರು ಒಂದೇ ಉಸಿರಿಗೆ ಹೇಳುತ್ತ ಹೋದರು. ಆರು ಬಸ್ಸು ಗೇಟಿನಲ್ಲೇ ನಿಂತಿದ್ದವು. ಬೆಳಗಿನ ಬಸ್ಸು ಬಿದ್ದಿದ್ದ ದೊಡ್ಡಸಿದ್ದಯ್ಯನವರು ಪೂಜೆ ಮುಗಿಸಿ ಈಗಷ್ಟೇ ಬಂದು ಪಟ್ಟಿ ನೋಡುತ್ತಿದ್ದರು. ಸರ್ವಮಂಗಳಾ ಅವರಿಗೆ ಸಂಜೆ ಏಳಕ್ಕೆ ವಾಪಸಾಗುವ ಬಸ್ಸು ಬಿದ್ದು, ಹತ್ತುವುದಿಲ್ಲ ಎಂದು ಕುಳಿತಿದ್ದರು. ಪುಟ್ಟಸ್ವಾಮಿ ಸ್ಟೀರಿಂಗ್ ಹಿಡಿದು ಬೆಲ್ಲಿಗೆ ಕಾಯುತ್ತಿದ್ದ, ಮಾದು ಹಿಂದಿನ ಬಾಗಿಲಲ್ಲಿ ಆಕಾಶ ನೋಡುತ್ತಿದ್ದ. ಒಂಬತ್ತೂವರೆಗೇ ಬಂದಿದ್ದ ಸಮಿತಿ ಇದನ್ನೆಲ್ಲ ನಿಂತು ನೋಡುತ್ತಿತ್ತು.

"ಯಾರು ಯಾವುದಕ್ಕೆ, ಬೇಗ ಹೇಳಯ್ಯ!"

ದೇವಯ್ಯ ಕಣ್ಣು ಮುಚ್ಚಿದ. "ಎಡತಲೆ ಬಸ್ಸಿಗೆ ಪುಟ್ಟಸ್ವಾಮಿ, ಅವನ್ ಜೊತೆ ಸರ್ವಮಂಗಳಮ್ಮ ಓಗ್ಲಿ, ಮೂರೂವರೆಗ್ ಬತ್ತಾರೆ. ಮಾದುನ ಡ್ರೈವರ್ ಚಲುವಯ್ಯನ ಜೊತೆ ಮೈಸೂರಿಗೆ ಆಕಿ. ದೊಡ್ಡಸಿದ್ದಯ್ಯೋರು ತಿಂಡಿ ತಿನ್ಲಿ, ಅವ್ರ್ ಬಸ್ಸು ಒಂದ್ ಗಂಟೇದು..." ಹೀಗೆ ಐದು ನಿಮಿಷ. ಅತ್ತ ಕಡೆ ಒಂದೊಂದೇ ಬಸ್ಸು ಶುರುವಾಗುವ ಸದ್ದು ನಮಗೂ ಕೇಳಿಸಿತು.

ಅಷ್ಟರಲ್ಲಿ ಫೋನಿನಲ್ಲಿ ಒಬ್ಬ ಹೆಂಗಸಿನ ಗಂಭೀರ ದನಿ. "ನಾನು ಸಮಿತಿಯ ಅಧ್ಯಕ್ಷೆ ಮಾತಾಡ್ತಿರೋದು. ನೀವು ಯಾರು?"

"ದೇವಯ್ಯ, ಮೇಡಂ. ಡ್ರೈವರು."

"ಡ್ರೈವರಿಗೆ ಇದೆಲ್ಲ ಹೇಗೆ ಗೊತ್ತು?"

ದೇವಯ್ಯ ನನ್ನ ಮುಖ ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟು, ಏನೂ ಗೊತ್ತಿಲ್ಲ ಎನ್ನು ಎಂದು ಸನ್ನೆ ಮಾಡಿದೆ. ಅವನು ಹಾಗೇ ಹೇಳುತ್ತಿದ್ದನೋ ಏನೋ. ಆದರೆ ಅತ್ತ ಹಿಂದಿನಿಂದ ಯಾರೋ ದೊಡ್ಡ ಅಧಿಕಾರಿ ಸಲೀಸಾಗಿ ಹೇಳಿದ್ದು ನಮಗೆಲ್ಲ ಕೇಳಿಸಿತು. "ಅದೇನೂ ದೊಡ್ಡದಲ್ಲ ಮೇಡಂ. ಹಲಗೆ ಮೇಲೆ ಹೆಸರು ಬರೆಯೋದು, ಅಷ್ಟೇ. ಅಕ್ಷರ ಬಂದವರು ಯಾರು ಬೇಕಾದರೂ ಬರೀತಾರೆ. ಅದೊಂದು ಕೆಲಸವೇ ಅಲ್ಲ."

ಅಷ್ಟು ವರ್ಷದ ಒಡನಾಟದಲ್ಲಿ ದೇವಯ್ಯ ಸಿಟ್ಟಾಗಿದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಕಿವಿಯವರೆಗೂ ರಕ್ತ ಏರಿತು.

"ಯಾರ್ ಬೇಕಾದ್ರೂ ಬರೆಯಂಗಿದ್ರೆ ಬೆಳಗ್ಗಿಂದ ಆರು ಬಸ್ಸು ಯಾಕ್ ನಿಂತಿದ್ವು ಅಂತ ಅವ್ರ್ನೇ ಕೇಳಿ ಮೇಡಂ," ಎಂದ. "ಅನ್ನೊಂದು ವರ್ಸದಿಂದ ನಾನ್ ಇದನ್ನೇ ಮಾಡ್ತಾ ಇವ್ನಿ. ನೀವು ಬತ್ತೀರಿ ಅಂತ ಇವತ್ತು ಸ್ಟೀರಿಂಗ್ ಕೊಟ್ಟವ್ರೆ. ಯಾರ್ ಮನೇಲಿ ಏನದೆ ಅಂತ ತಿಳ್ಕಂಡು ಬಸ್ಸಿಗೆ ಜನ ಆಕ್ಬೇಕು. ಇದು ಕೆಲ್ಸ ಮೇಡಂ. ಇದ್ಕೆ ಒಬ್ರು ಇರ್ಲೇಬೇಕು."



"ಎಷ್ಟು ಓದಿದೀರಿ?" ಎಂದು ಅಧ್ಯಕ್ಷೆ ಕೇಳಿದರು.

"ಎಸ್ಸೆಸ್ಸೆಲ್ಸಿ ಫೇಲು."

"ನೀವು ಹೇಳಿದ್ದನ್ನ ನಾನು ಬರೆದುಕೊಂಡರೆ ಈ ಕೆಲಸ ನಿಮ್ಮ ಕೈ ಬಿಟ್ಟುಹೋಗಬಹುದು."

"ಗೊತ್ತದೆ. ಬರ್ಕಳಿ ಮೇಡಂ."

ಫೋನಿಟ್ಟು ಕಲ್ಲಯ್ಯನ ಹತ್ತಿರ ಟೀ ಕೇಳಿದ. ವಾಪಸು ದಾರಿಯುದ್ದಕ್ಕೂ ನಾನು ಅವನನ್ನು ಬೈದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆಯಲ್ಲ ಎಂದೆ. ಬಾಯಿಗೆ ಬೀಗ ಹಾಕಿಕೊಳ್ಳಲು ಏನಾಗಿತ್ತು ನಿನಗೆ ಎಂದೆ. ಅವನು ಕಣ್ಣು ದಾರಿಯ ಮೇಲಿಟ್ಟು ಓಡಿಸಿದ. ಡಿಪೋದಲ್ಲಿ ಬಸವಪ್ರಸಾದರು ವಾರವಿಡೀ ಅವನ ಜೊತೆ ಮಾತು ಬಿಟ್ಟರು. ಆದರೂ ಸಂಜೆ ಐದಕ್ಕೆ ಸೀಮೆಸುಣ್ಣವನ್ನು ಅವನ ಕೈಗೇ ಕೊಡಬೇಕಾಯಿತು.

ಸಮಿತಿಯ ವರದಿ ಬಂದದ್ದು ಮುಂದಿನ ವರ್ಷ. ಬಸ್ಸು ಓಡಿಸದ ಡ್ರೈವರುಗಳೆಲ್ಲ ಬಸ್ಸಿಗೆ ಮರಳಬೇಕು ಎಂದು ಒಂದು ಕಡೆ ಬರೆದಿತ್ತು. ಇನ್ನೊಂದು ಕಡೆ, ಸಿಬ್ಬಂದಿಯನ್ನು ಬಸ್ಸುಗಳಿಗೆ ಹಂಚುವುದು ಅನುಭವ ಬೇಡುವ ಪ್ರತ್ಯೇಕ ಕೆಲಸವೆಂದು ಸಮಿತಿ ಕಣ್ಣಾರೆ ಕಂಡಿದೆ, ಪ್ರತಿ ಡಿಪೋಗೂ ಅದಕ್ಕೊಂದು ಹುದ್ದೆ ಇರಬೇಕು ಎಂದಿತ್ತು. ಬಸವಪ್ರಸಾದರೇ ಅದನ್ನು ಎಲ್ಲರೆದುರು ಓದಿದರು. ದೇವಯ್ಯ ಎರಡನೇ ಸಲ ಓದಿಸಿದ. ವಿದ್ಯಾರ್ಹತೆ ಪಿಯುಸಿ ಎಂದೇ ಇತ್ತು.

ಆ ಹುದ್ದೆಗೆ ಬಂದವಳು ಬಿಂದುಶ್ರೀ ಎಂಬ ಹೆಡತಲೆಯ ಹುಡುಗಿ, ಬಿಕಾಂ ಪಾಸು. ಅವಳನ್ನು ಕಂಡರೆ ನಾನು ಮೊದಲ ವಾರ ಮುಖ ತಿರುಗಿಸುತ್ತಿದ್ದೆ. ದೇವಯ್ಯ ಮಾತ್ರ ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾನು ಸ್ಟೂಲಿನ ಮೇಲೆ ಕುಳಿತು, ಇಡೀ ತಿಂಗಳು ಒಬ್ಬೊಬ್ಬರ ವಿಷಯವನ್ನೂ ಹೇಳಿಕೊಟ್ಟ. ಅವಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಲು ಹೋದರೆ, "ಬರೀಬ್ಯಾಡ ಕಣವ್ವ, ಗ್ಯಾನದಲ್ಲಿ ಇಟ್ಕೋ. ಇದೆಲ್ಲ ಮನೆ ವಿಸ್ಯ" ಎನ್ನುತ್ತಿದ್ದ. ಅವಳೂ ಪುಸ್ತಕ ಮುಚ್ಚಿದಳು. ಹುಡುಗಿ ಚುರುಕು ಎಂದು ನಾನೂ ಒಪ್ಪಬೇಕಾಯಿತು.

ತಿಂಗಳು ತುಂಬಿದ ದಿನ ಸಂಜೆ ಅವಳು ಬರೆಯುವಾಗ ಸೀಮೆಸುಣ್ಣ ನಿಲ್ಲಿಸಿ ತಿರುಗಿದಳು. "ದೇವಯ್ಯನವರೇ, ನಿಮಗೆ ಯಾವ ಬಸ್ಸು ಅನುಕೂಲ?"

ಎಲ್ಲರ ಅನುಕೂಲ ನೋಡಿದವನನ್ನು ಆ ಮಾತು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನನಗೆ ನಾಚಿಕೆಯಾಯಿತು. ಅವನು ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದ. ಕೊನೆಗೆ ಎಂಟೂವರೆಯ ತಿ. ನರಸೀಪುರದ ಬಸ್ಸು ಎಂದ. ಅವಳು ಬರೆದಳು, ಜೊತೆಗೆ ನನ್ನ ಹೆಸರನ್ನೂ ಹಾಕಿದಳು.

ಮಾರನೇ ದಿನ ಸುತ್ತೂರು ದಾಟಿದ ಮೇಲೆ ನಾನು ಮುಂದೆ ಹೋಗಿ ಅವನ ಪಕ್ಕ ನಿಂತೆ. ಇಷ್ಟು ದಿನ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಬಾಯ್ ಮುಚ್ಕೊಂಡ್ ಇದ್ದಿದ್ರೆ ಕುರ್ಚೀಲೇ ರಿಟೈರ್ ಆಗ್ಬೋದಿತ್ತು. ಬ್ಯಾಸ್ರ ಇಲ್ವೇನ್ಲಾ?"

ಅವನು ಕನ್ನಡಿಯಲ್ಲಿ ಹಿಂದಿನ ಜನರನ್ನೊಮ್ಮೆ ನೋಡಿಕೊಂಡ.

"ಬ್ಯಾಸ್ರ ಆಯ್ತದೆ, ಸುಳ್ಳ್ಯಾಕ್ ಯೋಳ್ಲಿ," ಎಂದ. "ಆದ್ರೆ ಅವತ್ತು ಸುಮ್ಕಿದ್ದಿದ್ರೆ ಕುರ್ಚಿ ಏನೋ ನಂದೇ ಆಗಿರೋದು ಕಣ್ಲಾ. ನಾನ್ ಮಾಡಿದ್ದು ಕೆಲ್ಸ ಅಂತ ಯಾರೂ ಅಂತಿರ್ನಿಲ್ಲ."